ಎರಡನೇ ಕ್ಯಾಸೆಟ್ಟಿನ ಕೂ

ಕೋಣಂದೂರಿನಿಂದ ತುಸು ದೂರದಲ್ಲಿ ಒಂದು ಗದ್ದೆಬಯಲು. ಈಚೆ ದಡದಲ್ಲಿ ಹೂವಪ್ಪನ ಮನೆ, ಆಚೆ ದಡದಲ್ಲಿ ಗಿರಿಯಪ್ಪನ ಮನೆ. ಒಂದು ಮಾತಿಗಾಗಿ ಬಯಲು ದಾಟಿ ಬರುವಷ್ಟು ಪುರಸೊತ್ತು ಯಾರಿಗಿದೆ? ಅಂಗಳದ ತುದಿಗೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಒಂದು ಕೂ ಹಾಕಿದರಾಯಿತು. ಕೇಳಿದವರು ತಿರುಗಿ ಕೂ ಹಾಕಲೇಬೇಕು. ಜಗಳವಾಡಿ ಮಾತು ಬಿಟ್ಟವರೂ ಕೂಗಿಗೆ ಮಾತ್ರ ಉತ್ತರ ಕೊಡುತ್ತಾರೆ. ಉತ್ತರ ಬಾರದಿದ್ದರೆ ಹಾವು ಮುಟ್ಟಿತೋ, ಮರದಿಂದ ಬಿದ್ದರೋ ಎಂದು ಎದುರಿನವರು ಕೆಲಸ ಬಿಟ್ಟು ಓಡಿ ಬರುವುದು ಅಲ್ಲಿನ ವಾಡಿಕೆ.

ಒಬ್ಬರ ಕೂ ಇನ್ನೊಬ್ಬರದರ ಹಾಗಿರುವುದಿಲ್ಲ. ಹೂವಪ್ಪನದು ಸೀದಾ ಏರಿ ಮೇಲೆಯೇ ನಿಲ್ಲುತ್ತಿತ್ತು. ಗಿರಿಯಪ್ಪನದು ಅಷ್ಟೇ ಏರಿ, ಕೊನೆಯಲ್ಲಿ ಒಂದಿಷ್ಟು ಒಡೆಯುತ್ತಿತ್ತು. ದನ ಕಾಯುವ ಕಾಲದಿಂದ ಹೂವಪ್ಪ ಎಷ್ಟು ತಿದ್ದಿದರೂ ಆ ಒಡಕು ಹೋಗಲಿಲ್ಲ.

ಇವರಿಬ್ಬರಿಗೂ ಸಾಗರದ ಜವಳಿ ಅಂಗಡಿಯ ಪಾರ್ಶ್ವರಾಜ ಜೊತೆಯಾದ ಮೇಲೆ ಹುಟ್ಟಿದ್ದು 'ಕಾಡುಕೋಳಿ' ಬ್ಯಾಂಡು. ಪಾರ್ಶ್ವರಾಜನ ಹಾಡು, ಗಿರಿಯಪ್ಪನ ಎಲೆಕ್ಟ್ರಿಕ್ ಗಿಟಾರು, ಹೂವಪ್ಪನ ಡ್ರಮ್ಮು. "ಇದೆಂತ ಹಾಡನಾ, ತಗಡಿನ ಮೇಲೆ ಮಂಗ ಕುಣಿದ ಹಾಗೆ" ಎಂದು ಹಿರಿಯರು ಮೂಗು ಮುರಿದರು. ಹುಡುಗರು ಅದಕ್ಕೇ ಕುಣಿದರು. ಬೇರೆಯವರು 'ಒನ್, ಟೂ' ಎಂದು ಶುರುಮಾಡಿದರೆ ಇವರ ಪ್ರತಿ ಹಾಡೂ ಹೂವಪ್ಪನ ಕೂಗಿನಿಂದ ಶುರು. ಅವನು ಕೂ ಹಾಕಬೇಕು, ಇಬ್ಬರೂ ಉತ್ತರ ಕೊಡಬೇಕು, ಆಮೇಲೆ ಡ್ರಮ್ಮಿಗೆ ಪೆಟ್ಟು ಬೀಳಬೇಕು. ಎಂಬತ್ಮೂರರಲ್ಲಿ ಸಾಗರದ ಹಳೇ ಅಕ್ಕಿಗಿರಣಿಯೊಂದರೊಳಗೆ ತಾವೇ ಟೇಪು ಮಾಡಿಕೊಂಡ ಮೊದಲನೇ ಕ್ಯಾಸೆಟ್ಟು ಹೊಸನಗರ, ತೀರ್ಥಹಳ್ಳಿಯ ಬಸ್ಸುಗಳಲ್ಲೆಲ್ಲ ಹಾಡಿತು. ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುವ ಹೂವಪ್ಪನನ್ನು ಕಂಡರೆ ಶಾಲೆಮಕ್ಕಳು ಕೂ ಹಾಕಿ ಓಡುತ್ತಿದ್ದರು. ಅವನ ತಾಯಿ ದುಗ್ಗಮ್ಮನಿಗೆ ಬಾಯಲ್ಲಿ ಬೈಗುಳ, ಹೊಟ್ಟೆಯಲ್ಲಿ ಹಿಗ್ಗು.

ಎರಡನೆಯದನ್ನು ಮಂಗಳೂರಿನ ಸ್ಟುಡಿಯೋದಲ್ಲೇ ಮಾಡಬೇಕೆಂದು ಪಾರ್ಶ್ವರಾಜ ಹಟ ಹಿಡಿದ. ಅಲ್ಲಿ ಹೂವಪ್ಪ ಬೆಳಗಿನಿಂದ ಸಂಜೆಯವರೆಗೆ ಬೆವರು ಸುರಿಸಿ ಬಾರಿಸಿದ. ಗಾಜಿನಾಚೆ ಕೂತ ಸ್ಟುಡಿಯೋದವನು ಮುಖ ಸಿಂಡರಿಸುತ್ತಲೇ ಇದ್ದ. ಹಾಡು ಮುಂದೆ ಹೋದಷ್ಟೂ ಇವನ ಕೈ ಜೋರಾಗುತ್ತದೆಂದು ಅವನ ದೂರು. ಜೋರಾಗದೆ ಮತ್ತೇನು? ಇಳಿಜಾರಿನಲ್ಲಿ ಬಿಟ್ಟ ಗಾಡಿ ನಿಂತು ನಿಂತು ಬರುತ್ತದೆಯೇ? ಊರಿಗೆ ಮರಳಿದ ಕೆಲವು ದಿನಕ್ಕೆ ಗಿರಿಯಪ್ಪ, ಕೊಪ್ಪದಲ್ಲಿ ನೆಂಟರ ಮದುವೆ ಎಂದು ಹೇಳಿ ಹೋದ.

ಆ ಕ್ಯಾಸೆಟ್ಟನ್ನು ಹೂವಪ್ಪ ಮೊದಲು ಕೇಳಿದ್ದು ಮಂಡಗದ್ದೆಯ ಹತ್ತಿರ, ಬಸ್ಸಿನಲ್ಲಿ. ಹಾಡು ಅರ್ಧಕ್ಕೆ ಬಂದಿತ್ತು. ಹಾಡು ತಮ್ಮದೇ, ಗಿಟಾರು ಗಿರಿಯಪ್ಪನದೇ. ಡ್ರಮ್ಮು ಮಾತ್ರ ಯಾರದೋ. ಒಂದು ಪೆಟ್ಟೂ ತಪ್ಪಿಲ್ಲ, ಒಂದು ಪೆಟ್ಟಿನಲ್ಲೂ ಜೀವವಿಲ್ಲ. ಅವನ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿ ಕೂತವರು "ಭಾರೀ ಬಾರ್ಸೀಯಲ್ಲ ಮಾರಾಯ" ಎಂದಾಗ ಕಿಟಕಿಯ ಕಡೆ ತಿರುಗಿ ಕೂತ.

ಊರು ಮುಟ್ಟಿದವನೇ ಬಯಲು ದಾಟಿ ಗಿರಿಯಪ್ಪನ ಮನೆಗೆ ಹೋದ.

"ನಂಗೆಂತ ಗೊತ್ತು ಮಾರಾಯ?" ಎಂದ ಗಿರಿಯಪ್ಪ. "ಆ ದಿನ ನಿನ್ನ ಜೊತೆ ಊರಿಗೆ ಬಂದ ಮೇಲೆ ನಾನು ಮತ್ತೆ ಮಂಗಳೂರಿನ ಕಡೆ ತಲೆ ಹಾಕಿಲ್ಲ. ದೇವರಾಣೆ. ಸ್ಟುಡಿಯೋದವ್ರು ಯಾರನ್ನೋ ಕೂರ್ಸಿ ಬಾರ್ಸಿರ್ಬೇಕು."

"ಪಾರ್ಶ್ವರಾಜಂಗೆ ಗೊತ್ತಿತ್ತನಾ?"

"ಅವಂಗೂ ಗೊತ್ತಿಲ್ಲ ಅಂತ ಕಾಣ್ತದೆ. ನೀ ತಲೆ ಕೆಡಿಸ್ಕೊಬೇಡ."

ಹೂವಪ್ಪ ನಂಬಿದ. ನಂಬದೆ ಏನು ಮಾಡುತ್ತಾನೆ, ಒಂದೇ ಮಜ್ಜಿಗೆ ಚೆಂಬಿನಲ್ಲಿ ಕುಡಿದು ಬೆಳೆದವರು. ಪರವೂರಿನವನೊಬ್ಬ ಕೆಡುಕು ಮಾಡಿದನೆಂದರೆ ಅದನ್ನು ನುಂಗಿಕೊಳ್ಳಬಹುದು. ಆ ಜೀವವಿಲ್ಲದ ಪೆಟ್ಟನ್ನೇ ಕಲಿತು ಮುಂದಿನ ಕಾರ್ಯಕ್ರಮಕ್ಕೆ ಬಾರಿಸಿದರಾಯಿತೆಂದು ಮನಸ್ಸು ಗಟ್ಟಿ ಮಾಡಿಕೊಂಡು, ಕಲಿಯುವುದಕ್ಕೆಂದೇ ಮಾರನೇ ದಿನ ಕ್ಯಾಸೆಟ್ಟು ತಂದು ಸೈಕಲ್ ಶಾಪಿನ ಟೇಪ್ ರೆಕಾರ್ಡರಿಗೆ ಹಾಕಿದ.

ಈ ಸಲ ಹಾಡು ಮೊದಲಿನಿಂದ ಬಂತು. ಮೊದಲಿಗೆ ಕೂ.

ಸೀದಾ ಏರಿತು, ಮೇಲೆ ನಿಂತಿತು. ಹೂವಪ್ಪನದೇ ಎಂದು ಯಾರು ಬೇಕಾದರೂ ಹೇಳುವಂತಿತ್ತು. ಆದರೆ ಕೊನೆಯಲ್ಲಿ ಒಂದಿಷ್ಟು ಒಡೆಯಿತು. ಹೂವಪ್ಪ ಹಿಂದಕ್ಕೆ ಸುತ್ತಿ ಮತ್ತೆ ಕೇಳಿದ. ಮತ್ತೆ ಒಡೆಯಿತು. ಉತ್ತರ ಕೊಟ್ಟದ್ದು ಪಾರ್ಶ್ವರಾಜ ಒಬ್ಬನೇ.

ಹಾಗಾದರೆ ಕೊಪ್ಪದ ಮದುವೆ ಎಲ್ಲಿ ನಡೆಯಿತೆಂದು ಕೇಳುವುದೇ ಬೇಕಾಗಲಿಲ್ಲ. ಡ್ರಮ್ಮು ಹೋದದ್ದಕ್ಕೆ ಬಂದ ಸಿಟ್ಟು ಇದರ ಮುಂದೆ ಏನೂ ಅಲ್ಲ. ತನ್ನ ಗಂಟಲನ್ನೇ ಕದ್ದು, ಎದುರಿಗೆ ಕೂತು ದೇವರಾಣೆ ಹಾಕಿದ್ದನಲ್ಲ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಹೂವಪ್ಪ ಟೇಪು ನಿಲ್ಲಿಸಿ, ಅರ್ಧ ಬಿಚ್ಚಿದ ಚಕ್ರವನ್ನು ಹಾಗೇ ಬಿಟ್ಟು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಆಚೆ ದಡದಿಂದ ಗಿರಿಯಪ್ಪ ಕೂ ಹಾಕಿದ. ಸಾಗರದ ಕಾರ್ಯಕ್ರಮಕ್ಕೆ ಹೊರಡುವ ದಿನ ಅದು. ಹೂವಪ್ಪ ಅಂಗಳದಲ್ಲೇ ನಿಂತಿದ್ದ, ಬಾಯಿ ತೆರೆಯಲಿಲ್ಲ.

"ಗಿರಿಯಪ್ಪ ಕರೀತಿದಾನೆ, ಕಿವಿ ಕೇಳಲ್ವನಾ?" ಎಂದು ದುಗ್ಗಮ್ಮ ಒಳಗಿನಿಂದ ಗದರಿಸಿದಳು. ಮತ್ತೆ ಕೂ ಬಂತು. ಈ ಸಲ ಅದರಲ್ಲಿ ಗಾಬರಿಯಿತ್ತು. ಹೂವಪ್ಪನ ಗಂಟಲಿನವರೆಗೆ ಉತ್ತರ ಬಂದಿತ್ತು, ಹಲ್ಲು ಕಚ್ಚಿ ತಡೆದುಕೊಂಡ.

ಆಚೆ ದಡದ ಬಿಳಿ ಅಂಗಿ ಗದ್ದೆಗೆ ಇಳಿಯಿತು. ಹೊಸ ಇಸ್ತ್ರಿ ಬಟ್ಟೆಯಲ್ಲೇ ಗಿರಿಯಪ್ಪ ಕೆಸರು ತುಳಿದುಕೊಂಡು, ಅಂಚಿನಲ್ಲಿ ಜಾರಿ ಬಿದ್ದು ಎದ್ದು ಓಡಿ ಬಂದ. ಅಂಗಳದಲ್ಲಿ ನೆಟ್ಟಗೆ ನಿಂತಿದ್ದ ಹೂವಪ್ಪನನ್ನು ಕಂಡು ಏದುಸಿರು ಬಿಟ್ಟ.

"ಎಂತ ಆತಾ ನಿಂಗೆ? ನಂಗೆ ಜೀವ ಹೋದ ಹಾಗಾಯ್ತು. ಉತ್ರ ಯಾಕೆ ಕೊಡ್ಲಿಲ್ಲ?"

ಓಡಿ ಬಂದವನ ಕಣ್ಣಲ್ಲಿದ್ದ ಭಯ ಸುಳ್ಳಲ್ಲ. ಅದನ್ನು ಕಂಡು ಹೂವಪ್ಪನಿಗೆ ಇನ್ನಷ್ಟು ನೋವಾಯಿತು.

"ಕ್ಯಾಸೆಟ್ನಲ್ಲಿ ನೀನೇ ಹೂವಪ್ಪ ಅಲ್ವನಾ" ಎಂದ ಮೆಲ್ಲಗೆ. "ನಿನ್ನ ಕೂಗಿಗೆ ನೀನೇ ಉತ್ರ ಕೊಟ್ಕ."

ಗಿರಿಯಪ್ಪ ತನ್ನ ಕೆಸರುಗಾಲು ನೋಡಿಕೊಂಡು ನಿಂತ. ಹೂವಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.