ಒಣಮೀನಿನ ಗಾಡಿ

ಕಾರವಾರದ ಪೇಟೆಯೊಳಗೆ ಹಗಲು ಹೊತ್ತು ಸರಕಿನ ಲಾರಿ, ಟೆಂಪೊ ಬರಕೂಡದು ಎಂಬ ನಿಯಮ ಬಂದಾಗ ಕೂಗಾಡಿದವರಲ್ಲಿ ಬೊಮ್ಮಯ್ಯನೂ ಒಬ್ಬ. ಅಂಕೋಲೆಯಿಂದ ಕಾರವಾರಕ್ಕೆ ಟೆಂಪೊ ಹೊಡೆದೇ ಅವನ ಕೂದಲು ಬೆಳ್ಳಗಾಗಿತ್ತು. ಆದರೆ ಕೂಗಾಟವೆಲ್ಲ ಮುಗಿದು, ತೋಡೂರಿನ ಬಳಿ ಹೆದ್ದಾರಿಯ ಪಕ್ಕ ದೊಡ್ಡ ತಗಡಿನ ಶೆಡ್ಡು ಎದ್ದು ನಿಂತಾಗ, ಅಲ್ಲಿ ಚಾಲಕನ ಕೆಲಸ ಕೇಳಿಕೊಂಡು ಮೊದಲು ಹೋದವನೂ ಅವನೇ. ಸೊಂಟ ಸೋತಿತ್ತು. ಟೆಂಪೊದ ಎಂಜಿನ್ನೂ ಸೋತಿತ್ತು. ಅದನ್ನು ಹಿಲ್ಲೂರಿನ ಒಬ್ಬನಿಗೆ ದಾಟಿಸಿ ಕೈತೊಳೆದುಕೊಂಡಿದ್ದ.

ಶೆಡ್ಡಿನ ವ್ಯವಸ್ಥೆ ಸರಳವಾದದ್ದು. ಹುಬ್ಬಳ್ಳಿಯಿಂದ, ಮಂಗಳೂರಿನಿಂದ ಬಂದ ಮಾಲೆಲ್ಲ ಅಲ್ಲಿ ಇಳಿಯಬೇಕು. ಯಾವ ಓಣಿಗೆ ಯಾವುದೆಂದು ಬೇರ್ಪಡಿಸಿ, ಒಂದು ಓಣಿಯ ಅಷ್ಟೂ ಅಂಗಡಿಗಳ ಮಾಲನ್ನು ಒಂದೇ ಬ್ಯಾಟರಿ ಗಾಡಿಗೆ ತುಂಬಿ ಪೇಟೆಗೆ ಕಳಿಸುವುದು. ಮೊದಲಾದರೆ ಬಿಸ್ಕಿಟಿನದೊಂದು, ಸೋಪಿನದೊಂದು, ಬಟ್ಟೆಯದೊಂದು ಎಂದು ಸಾಲು ಗಾಡಿಗಳು ಒಂದೇ ಓಣಿಗೆ ನುಗ್ಗುತ್ತಿದ್ದವು. ಅರ್ಧ ಖಾಲಿ ಹೊಟ್ಟೆಯಲ್ಲೇ ಒಂದರ ಮೂತಿಗೊಂದು ತಾಗಿಸಿಕೊಂಡು ನಿಂತು, ಹಾರ್ನು ಒತ್ತಿ, ತಾಯಿತಂದೆಯರನ್ನೆಲ್ಲ ಬೈಸಿಕೊಳ್ಳುತ್ತಿದ್ದವು. ಈಗ ಪೇಟೆಯಲ್ಲಿ ಮುದುಕರೂ ಹೆದರದೆ ರಸ್ತೆ ದಾಟುತ್ತಾರೆ. ಅದು ಒಳ್ಳೆಯದೇ ಎಂದು ಬೊಮ್ಮಯ್ಯನಿಗೂ ಒಪ್ಪಿಗೆಯಿತ್ತು. ಒಪ್ಪಿಗೆಯಿದ್ದರೂ ಸಂಜೆಯ ದಣಿವು ಮೊದಲಿನಷ್ಟೇ ಇತ್ತು. ನೋಯುವ ಜಾಗ ಮಾತ್ರ ಬೇರೆಯಾಗಿತ್ತು.

ಹಾರವಾಡದ ಸುಗಂಧಾ ಅವನ ಟೆಂಪೊದ ಹಳೇ ಗಿರಾಕಿ. ಒಣಮೀನು ಮಾರುವವಳು. ಗಂಡ ದೋಣಿಗೆ ಹೋಗುತ್ತಿದ್ದಾಗಲೂ, ಹೋಗಲಾರದೆ ಜಗಲಿಯಲ್ಲಿ ಕೂತ ಮೇಲೂ ಆ ಮನೆಯ ಒಲೆ ಉರಿದದ್ದು ಅವಳ ಬುಟ್ಟಿಯಿಂದಲೇ. ಹೊಯಿಗೆಯ ಮೇಲೆ ಬಲೆ ಹಾಸಿ ಬಂಗಡೆ, ಸಿಗಡಿ ಒಣಗಿಸಿ, ಮೋರಿ ಮೀನಿಗೆ ಉಪ್ಪು ತಿಕ್ಕಿ, ಮಳೆಗಾಲಕ್ಕೆಂದು ಕೂಡಿಡುವಳು. ಬೋಟುಗಳು ಕಡಲಿಗಿಳಿಯದ ಆ ದಿನಗಳಲ್ಲೇ ಅವಳಿಗೆ ಹೆಚ್ಚಿನ ವ್ಯಾಪಾರ. ಟೆಂಪೊ ಹೋಗಿ ಶೆಡ್ಡು ಬಂದ ಮೇಲೂ ಅವಳು ಬುಟ್ಟಿಗಳನ್ನು ಊರಿನ ರಿಕ್ಷಾದಲ್ಲಿ ಹಾಕಿಸಿಕೊಂಡು ಶೆಡ್ಡಿಗೇ ತಂದಳು. ಬೊಮ್ಮಯ್ಯ ಅವನ್ನು ಗಾಡಿಯ ಹಿಂಬದಿಯಲ್ಲಿಟ್ಟು, ತಾಡಪಾಲು ಹೊದಿಸಿ, ಅವಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಯಾರೂ ಏನೂ ಅನ್ನಲಿಲ್ಲ. ಮಳೆ ಹಿಡಿದು ಗಾಡಿಯ ಬಾಗಿಲನ್ನು ಬಿಗಿಯಾಗಿ ಮುಚ್ಚಬೇಕಾಗಿ ಬರುವವರೆಗೆ.

ಒಂದು ಬೆಳಿಗ್ಗೆ ಬಟ್ಟೆ ಅಂಗಡಿಯ ನಾಗೇಶ ಸ್ವತಃ ಶೆಡ್ಡಿಗೆ ಬಂದ. ಕೈಯಲ್ಲಿ ಒಂದು ರೇಷ್ಮೆ ಸೀರೆ. ಶೆಡ್ಡು ನೋಡಿಕೊಳ್ಳುವ ವೈಜಯಂತಿಯ ಮೇಜಿನ ಮೇಲೆ ಅದನ್ನು ಹರಡಿದ.

"ಮೂಸಿ ನೋಡಿ ಮೇಡಂ, ನೀವೇ ಮೂಸಿ ನೋಡಿ. ಮದುವೆ ಸೀರೆ ಇದು. ಹುಡುಗಿ ಅಜ್ಜಿ ಮೂಗಿಗೆ ಸೆರಗು ಹಿಡ್ಕಂಡು ವಾಪಸ್ ತಂದು ಕೊಟ್ಟು ಹೋಯ್ತು. ನಾ ಮೀನು ತಿನ್ನೂನೇ, ಸುಳ್ಳು ಹೇಳೂದಿಲ್ಲ. ಆದ್ರೆ ಸೀರೆಗೆ ಯಾರಾದ್ರೂ ಒಗ್ಗರಣೆ ಹಾಕ್ತಾರನ್ರೀ?"

ಅವನ ಹಿಂದೆಯೇ ಚಹಾಪುಡಿ ವ್ಯಾಪಾರಿಯ ಫೋನೂ ಬಂತು. ವೈಜಯಂತಿ ಹಬ್ಬುವಾಡದವಳು, ಬೆಳಗಿನಿಂದ ನಿಂತೇ ಇದ್ದು, ಒಬ್ಬರ ದೂರು ಮುಗಿಯುವ ಮೊದಲೇ ಇನ್ನೊಬ್ಬರದನ್ನು ಕೇಳಿಸಿಕೊಳ್ಳುವ ಅಭ್ಯಾಸ ಬಿದ್ದವಳು. ಸೀರೆಯನ್ನು ಮಡಿಸಿಟ್ಟು ಅವಳು ಬೊಮ್ಮಯ್ಯನನ್ನು ಕರೆದಳು.

"ಒಣಮೀನು ನಾಳೆಯಿಂದ ಬೇಡ ಬೊಮ್ಮಯ್ಯ. ಅವ್ರಿಗೆ ನೀವೇ ಹೇಳ್ಬಿಡಿ."

"ನಾನ? ನೀವು ಹೇಳಿದ್ರೆ ಆಗೂದಿಲ್ವ ಮೇಡಂ?"

"ನಾ ಹೇಳಿದ್ರೆ ಜಗಳ ಆಗ್ತದೆ. ನೀವು ಹೇಳಿದ್ರೆ ಬರೀ ಬೇಜಾರಾಗ್ತದೆ."

ಆ ಮಾತು ನಿಜವೆಂದು ಬೊಮ್ಮಯ್ಯನಿಗೆ ಗೊತ್ತಿತ್ತು. ಅದಕ್ಕೇ ಅವನಿಗೆ ಇನ್ನಷ್ಟು ಸಾಕಾಯಿತು.

ಮಧ್ಯಾಹ್ನ ಮಾರ್ಕೆಟ್ಟಿನಿಂದ ಹಿಂದಿರುಗುವಾಗ ಹೇಳಬೇಕೆಂದುಕೊಂಡ. ಬಿಣಗಾ ದಾಟಿತು, ಅರಗಾ ದಾಟಿತು, ಬಾಯಿ ಬರಲಿಲ್ಲ. ಶೆಡ್ಡಿನ ಅಂಗಳದಲ್ಲಿ ಅವಳು ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಾಗ ಹತ್ತಿರ ಹೋಗಿ ನಿಂತ.

"ಸುಗಂಧಕ್ಕ, ನಾಳೆಯಿಂದ ಬುಟ್ಟಿ ತರೂದು ಬ್ಯಾಡ ಅಂತೆ."

"ಯಾರು ಹೇಳಿದ್ದು?"

"ಶೆಡ್ಡಿನವ್ರು. ಬೇರೆ ಮಾಲಿಗೆ ವಾಸನೆ ಹತ್ತತದೆ ಅಂತೆ."

"ಇಷ್ಟು ವರ್ಷ ನಿಂಗೆ ವಾಸನೆ ಬರ್ಲಿಲ್ವನಾ?"

"ನನ್ನ ಟೆಂಪೊದಲ್ಲಿ ರೇಷ್ಮೆ ಸೀರೆ ಇರ್ಲಿಲ್ಲ ಅಕ್ಕ."

ಅವಳು ಬೈಯಬಹುದೆಂದು ಅವನು ಮೈ ಗಟ್ಟಿ ಮಾಡಿಕೊಂಡು ನಿಂತಿದ್ದ. ಅವಳು ಬೈಯಲಿಲ್ಲ. ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ತುಂಬಿದ ಬುಟ್ಟಿ ಹಿಡ್ಕಂಡು ಬಸ್ಸಿಗೆ ಹತ್ತೂಕೆ ಹೋದ್ರೆ ಕಂಡಕ್ಟರ್ ಇಳಸ್ತ. ರಿಕ್ಷಾದವ ಪೇಟೆಗೆ ಅಂದ ಕೂಡ್ಲೇ ಗಾಡಿ ತಿರುಗಿಸ್ತ. ನಾ ಹಾರ್ಕಂಡು ಹೋಗೂದಾ ಕಾರವಾರಕ್ಕೆ?" ಎಂದು ನೆಲವನ್ನು ಕೇಳಿದಂತೆ ಕೇಳಿ, ಎದ್ದು ಹೊರಟಳು.

ಅದಾಗಿ ಕೆಲವು ದಿನಕ್ಕೆ ಬಿಣಗಾದ ಹತ್ತಿರ ಅವಳು ಕಂಡಳು. ಯಾರದೋ ಪಿಕಪ್ಪು ಅಲ್ಲಿಯವರೆಗೆ ತಂದು ಇಳಿಸಿರಬೇಕು. ಪ್ಲಾಸ್ಟಿಕ್ಕು ಹೊದ್ದು, ಬುಟ್ಟಿಗೂ ಪ್ಲಾಸ್ಟಿಕ್ಕು ಹೊದಿಸಿ, ಬರುವ ವಾಹನಕ್ಕೆಲ್ಲ ಕೈ ಒಡ್ಡುತ್ತ ಮಳೆಯಲ್ಲಿ ನಿಂತಿದ್ದಳು. ಬೊಮ್ಮಯ್ಯನ ಗಾಡಿ ಹತ್ತಿರ ಬರುತ್ತಲೇ ಅವಳ ಕೈ ಕೆಳಗಿಳಿಯಿತು. ಅವನು ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ನೋಡಬಾರದೆಂದುಕೊಂಡರೂ ನೋಡಿದ. ಕೈ ಮತ್ತೆ ಮೇಲೆದ್ದಿತ್ತು, ಹಿಂದೆ ಬರುತ್ತಿದ್ದ ಲಾರಿಗೆ.

ಆ ದಿನ ಅನ್ನ ಸೇರಲಿಲ್ಲ. ಹೆಂಡತಿ ಮಂಗಲಾ ಕೇಳಿದಾಗ ಇದ್ದದ್ದನ್ನು ಹೇಳಿದ. ಅವಳು ಸಮಾಧಾನವನ್ನೂ ಹೇಳಲಿಲ್ಲ, ತಪ್ಪನ್ನೂ ಹೊರಿಸಲಿಲ್ಲ. "ನಿಮ್ಮ ಗಾಡಿ ತುಂಬಿತ್ತ?" ಎಂದಷ್ಟೇ ಕೇಳಿದಳು.

"ಅರ್ಧ ಖಾಲಿ ಇತ್ತು."

ಮಂಗಲಾ ತಟ್ಟೆ ಎತ್ತಿದಳು.

ಮುಂದಿನ ಸಲ ಬಿಣಗಾದ ಅದೇ ಜಾಗದಲ್ಲಿ ಅವಳು ಕಂಡಾಗ ಅವನು ಗಾಡಿ ನಿಲ್ಲಿಸಿದ. ಬಾಗಿಲು ತೆರೆದು, "ಹತ್ತು ಅಕ್ಕ" ಎಂದ. ಸುಗಂಧಾ ಗಾಡಿಯ ಒಳಗೆ ಬಗ್ಗಿ ನೋಡಿದಳು. ಬಟ್ಟೆಯ ಬಂಡಲುಗಳಿದ್ದವು. ಬಾಗಿಲನ್ನು ತಾನೇ ಹಾಕಿದಳು.

"ನಿನ್ನ ನೌಕರಿ ತಿಂದು ನಾ ಮೀನು ಮಾರೂದಾ? ಹೋಗ, ಹೋಗು."

ಆ ಸಂಜೆ ಬೊಮ್ಮಯ್ಯ ವೈಜಯಂತಿಯ ಮೇಜಿನೆದುರು ಹೋಗಿ ನಿಂತ. ಶೆಡ್ಡಿನ ಮೂಲೆಯಲ್ಲಿ ಹಿಂಬಾಗಿಲು ಮುರಿದ ಒಂದು ಗಾಡಿ ಬಹಳ ದಿನದಿಂದ ಸುಮ್ಮನೆ ನಿಂತಿತ್ತು. ಅದನ್ನು ಒಣಮೀನಿಗೇ ಬಿಡಬಾರದೇಕೆ ಎಂದು ಕೇಳಿದ. ವೈಜಯಂತಿ ಚಪ್ಪಲಿ ಕಳಚಿ ಕಾಲಬೆರಳು ಒತ್ತಿಕೊಳ್ಳುತ್ತಿದ್ದಳು.

"ಒಬ್ಬರ ಬುಟ್ಟಿಗೆ ಒಂದು ಗಾಡಿ ಓಡಿಸಿದ್ರೆ ಈ ಶೆಡ್ಡು ಯಾಕೆ ಬೇಕು ಬೊಮ್ಮಯ್ಯ? ಗಾಡಿ ತುಂಬ್ಬೇಕು. ಅವ್ರಂತವ್ರು ಬೇರೆ ಯಾರೂ ಇಲ್ವ?"

ಇದ್ದರು. ಕೇಣಿಯಲ್ಲಿದ್ದರು, ಬೇಲೇಕೇರಿಯಲ್ಲಿದ್ದರು. ಅವರೆಲ್ಲ ಹೊಸ ನಿಯಮದಿಂದ ಸುಗಂಧಾಳಷ್ಟೇ ಒದ್ದಾಡುತ್ತಿದ್ದರು. ಅವರನ್ನೆಲ್ಲ ಒಂದುಗೂಡಿಸಬಲ್ಲವಳು ಬೇಲೇಕೇರಿಯ ಮಾದಿ. ಆದರೆ ಮಾರ್ಕೆಟ್ಟಿನ ಬಾಗಿಲ ಬಳಿಯ ಜಾಗಕ್ಕಾಗಿ ಮಾದಿ ಮತ್ತು ಸುಗಂಧಾ ಜುಟ್ಟು ಹಿಡಿದು ಜಗಳಾಡಿ, ಮಾತು ಬಿಟ್ಟು ಎಷ್ಟೋ ಮಳೆಗಾಲ ಕಳೆದಿದ್ದವು. ಮೊದಲು ಬಂದವಳಿಗೆ ಆ ಜಾಗ. ಮೊದಲು ಬರುತ್ತಿದ್ದವಳು ಸುಗಂಧಾ, ಬೊಮ್ಮಯ್ಯನ ಟೆಂಪೊದ ದಯೆಯಿಂದ.

ಭಾನುವಾರ ಸಂತೆ ಮುಗಿದ ಮೇಲೆ ಅವನು ಹಾರವಾಡಕ್ಕೆ ಹೋಗಿ ವಿಷಯ ಹೇಳಿದ. ಸುಗಂಧಾ ಮೋರೆ ತಿರುಗಿಸಿದಳು.

"ಆ ಮಾದಿ ಮನೆ ಬಾಗಿಲಿಗೆ ನಾ ಹೋಗೂದಿಲ್ಲ. ಬೇಕಾದ್ರೆ ಮೀನೆಲ್ಲ ಕಡಲಿಗೇ ವಾಪಸ್ ಹಾಕ್ತೆ."

"ಹಾಕು. ನಂಗೂ ಸಾಕಾಗದೆ ಅಕ್ಕ. ನಾ ಇಷ್ಟೇ ಮಾಡೂಕೆ ಆಗೂದು."

ಅವನು ಎದ್ದು ಚಪ್ಪಲಿ ಮೆಟ್ಟುವಾಗ ಅವಳೂ ಎದ್ದಳು. ಜಗಲಿಯಲ್ಲಿದ್ದ ಗಂಡನಿಗೆ ನೀರಿನ ತಂಬಿಗೆ ಹತ್ತಿರ ಸರಿಸಿಟ್ಟು, "ನಡೆ, ನೀನೂ ಬಾ. ಒಬ್ಬಳೇ ಹೋದ್ರೆ ನಾ ಅರ್ಧ ದಾರಿಯಲ್ಲೇ ತಿರುಗಿ ಬತ್ತೆ" ಎಂದಳು.

ಮಾದಿ ಅಂಗಳದಲ್ಲಿ ಕೂತು ಗೆರಸಿಯಲ್ಲಿ ಸಿಗಡಿ ಆರಿಸುತ್ತಿದ್ದಳು. ಬಂದವರನ್ನು ನೋಡಿದಳು, ಎದ್ದೇಳಲಿಲ್ಲ. ಬೊಮ್ಮಯ್ಯ ಗಾಡಿಯ ವಿಷಯ ವಿವರಿಸಿದ. ಎಲ್ಲರ ಬುಟ್ಟಿಯೂ ಒಂದೇ ಗಾಡಿಯಲ್ಲಿ, ಒಂದೇ ಹೊತ್ತಿಗೆ.

"ಒಟ್ಟಿಗೆ ಹೋದ್ರೆ ಬಾಗಿಲ ಹತ್ರ ಕೂರೂದು ಯಾರು?" ಮಾದಿ ಕೇಳಿದಳು. ಪ್ರಶ್ನೆ ಬೊಮ್ಮಯ್ಯನಿಗಿದ್ದರೂ ಕಣ್ಣು ಸುಗಂಧಾಳ ಮೇಲಿತ್ತು.

ಸುಗಂಧಾ ಅಂಗಳದ ಅಂಚಿಗೇ ಕುಕ್ಕರಿಸಿದಳು. "ಪಾಳಿ ಮಾಡ್ವ. ಒಂದು ದಿನ ನೀನು, ಒಂದು ದಿನ ಕೇಣಿಯವ್ರು. ಆಮೇಲೆ ನಾನು."

ಮಾದಿ ಗೆರಸಿಯನ್ನು ಪಕ್ಕಕ್ಕಿಟ್ಟಳು. "ಚಾ ಕುಡಿತ್ರ?" ಎಂದಳು.

ಗಾಡಿಯ ಬಾಗಿಲು ರಿಪೇರಿಯಾಗಿ ಮೀನಿನ ಸಂಚಾರ ಶುರುವಾಯಿತು. ಅದನ್ನು ಓಡಿಸಲು ಬೇರೆ ಯಾವ ಚಾಲಕನೂ ಒಪ್ಪದೆ ಅದು ಬೊಮ್ಮಯ್ಯನ ಪಾಲಿಗೇ ಬಂತು. ಉಪ್ಪುಮೀನಿನ ಗಾಳಿ ಅವನ ಅಂಗಿಗೆ ಹತ್ತಿತು, ಕೈಗೆ ಹತ್ತಿತು, ಮಂಗಲಾ ಎಷ್ಟು ಬಿಸಿನೀರು ಕಾಸಿಟ್ಟರೂ ಬಿಡಲಿಲ್ಲ. ನಾಗೇಶ ಅಂಗಡಿಯ ಮೆಟ್ಟಿಲಿಂದಲೇ ಕೈಯೆತ್ತಿ ನಮಸ್ಕಾರ ಮಾಡುವನು, ಒಳಗೆ ಕರೆಯಲಾರ. ಹೆಂಗಸರು ಶೆಡ್ಡಿನಿಂದ ಮಾರ್ಕೆಟ್ಟಿನವರೆಗೂ, ಮಾರ್ಕೆಟ್ಟಿನಿಂದ ಶೆಡ್ಡಿನವರೆಗೂ ಜಗಳಾಡುತ್ತಿದ್ದರು. ಯಾರ ಬುಟ್ಟಿ ಯಾರದಕ್ಕೆ ತಾಗಿತು, ಯಾರು ದರ ಇಳಿಸಿ ಗಿರಾಕಿ ಎಳೆದರು. ಸುಮ್ಮನಿರಿ ಎನ್ನುವ ತ್ರಾಣವೂ ಅವನಲ್ಲಿರಲಿಲ್ಲ. ಒಟ್ಟಿಗೇ ಇಳಿದ ಮೀನಿಗೆ ಮೊದಲಿನ ಬೆಲೆಯೂ ಇರಲಿಲ್ಲ. ಆದರೆ ಮಳೆಯಲ್ಲಿ ಯಾರೂ ರಸ್ತೆಗೆ ಕೈ ಒಡ್ಡಿ ನಿಲ್ಲುತ್ತಿರಲಿಲ್ಲ.

ಶ್ರಾವಣದ ಹೊತ್ತಿಗೆ ಒಂದು ಮಧ್ಯಾಹ್ನ ಸುಗಂಧಾ ಗಾಡಿಯಿಂದಿಳಿದವಳು ಹೋಗದೆ ನಿಂತಳು.

"ನಾಳೆ ನಾ ಬರೂದಿಲ್ಲ. ಬುಟ್ಟಿ ಮಾತ್ರ ಕಳಸ್ತೆ. ಮಾದಿ ಮಾರಿ ಕೊಡ್ತದಂತೆ."

ತನ್ನ ಬುಟ್ಟಿಗೆ ಬೇರೊಬ್ಬರ ಕೈ ತಾಗಿದರೂ ಗದರುವವಳು ಅವಳು. ಬೊಮ್ಮಯ್ಯ ಅವಳ ಮುಖವನ್ನೇ ನೋಡಿದ. "ಜ್ವರವಾ?"

"ಜ್ವರ ಯಂತದೂ ಇಲ್ಲ. ಮೊಣಕಾಲು. ಕೂತ್ರೆ ಏಳೂಕೆ ಆಗೂದಿಲ್ಲ."

"ನಿನ್ನ ಗಿರಾಕಿಗಳು ಕೇಳಿದ್ರೆ?"

"ನಾಕು ದಿನ ಕೇಳ್ತಾರೆ. ಆಮೇಲೆ ಮಾದಿ ಹತ್ರನೇ ತಕಂತಾರೆ." ಖಾಲಿ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡಳು. "ಇಷ್ಟು ವರ್ಷ ನಾ ಹೋಗ್ದೇ ಇದ್ರೆ ಮೀನು ಹೋಗೂದಿಲ್ಲ ಅಂದ್ಕಂಡಿದ್ದೆ. ಹೋಗ್ತದೆ ನೋಡು."

ಅದು ನೆಮ್ಮದಿಯೋ ಸಂಕಟವೋ ಬೊಮ್ಮಯ್ಯನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಂತಿರಲಿಲ್ಲ. ಕಾಲೆಳೆದುಕೊಂಡು ಬಸ್‌ಸ್ಟಾಪಿನ ಕಡೆ ಹೋದಳು.

ಮರುದಿನ ಬೆಳಿಗ್ಗೆ ಅವಳ ಬುಟ್ಟಿಗಳನ್ನು ಊರಿನ ರಿಕ್ಷಾದವನೊಬ್ಬ ಶೆಡ್ಡಿನ ಅಂಗಳದಲ್ಲಿ ಇಳಿಸಿ ಹೋದ. ಬೊಮ್ಮಯ್ಯ ಸೊಂಟ ಹಿಡಿದುಕೊಂಡು ಬಗ್ಗಿ ಮೊದಲನೆಯದನ್ನು ಎತ್ತಿ ಗಾಡಿಯ ತಳಕ್ಕೆ ಸರಿಸುತ್ತಿದ್ದಾಗ ಮಾದಿ ಕೂಗಿದಳು.

"ಅಲ್ಲಲ್ಲ, ಸುಗಂಧಂದು ಮ್ಯಾಲೆ ಇಡು. ಸಿಗಡಿ ಅದೆ ಅದರಲ್ಲಿ, ಅಡಿಗೆ ಬಿದ್ರೆ ಪುಡಿಯಾಗ್ತದೆ."

ಬೊಮ್ಮಯ್ಯ ಅದನ್ನು ಹೊರಗೆಳೆದ. ಮಾದಿಯ ಬುಟ್ಟಿಗಳನ್ನು ಮೊದಲು ತುಂಬಿ, ಅವುಗಳ ಮೇಲೆ ಸುಗಂಧಾಳದನ್ನಿಟ್ಟು, ಬಾಗಿಲು ಹಾಕಿ ಗಾಡಿ ಹೊರಡಿಸಿದ.