ರಾಜೀವಕ್ಕನ ಚಿನ್ನದ ಹಲ್ಲು

ಹಲ್ಲಿನ ಡಾಕ್ಟರಾಗಿ ಹದಿನೆಂಟು ವರ್ಷವಾಯಿತು, ಜನರನ್ನು ನಂಬುವುದು ನನಗಿನ್ನೂ ಅಭ್ಯಾಸವಾಗಿಲ್ಲ. ದಿನಾ ಎರಡು ಹೊತ್ತು ಉಜ್ಜುತ್ತೇನೆ ಎಂದು ಆಣೆ ಹಾಕುವವರ ಬಾಯಿ ತೆರೆಸಿ ನೋಡುವ ಕೆಲಸ ಮಾಡಿದರೆ ಯಾರಿಗಾದರೂ ಹೀಗೇ ಆಗುತ್ತದೆ. ಹಾಗಾಗಿ ನಾವುಂದದ ಗೋವರ್ಧನ ತನ್ನ ತಾಯಿಯನ್ನು ಬೈಂದೂರಿನ ನನ್ನ ಕ್ಲಿನಿಕ್ಕಿಗೆ ಕರೆತಂದು, ಅಂಗಿ ಕಿಸೆಯಿಂದ ಗುಲಾಬಿ ಕಾಗದದ ಪೊಟ್ಟಣ ತೆಗೆದಾಗಲೇ ನನ್ನ ಹುಬ್ಬು ಮೇಲೇರಿತು. ಅದು ಚಿನ್ನದಂಗಡಿಯ ಕಾಗದ.

ಒಳಗಿದ್ದದ್ದು ಅವನ ತಾಯಿ ರಾಜೀವಕ್ಕನ ಹಲ್ಲಿನ ಕ್ಯಾಪು, ಅಪ್ಪಟ ಹಳೇ ಕಾಲದ ಚಿನ್ನದ್ದು. ಗಂಡ ಮುಂಬೈಯಲ್ಲಿದ್ದಾಗ ಮಾಡಿಸಿಕೊಟ್ಟದ್ದಂತೆ. ಅವರು ತೀರಿಕೊಂಡು ಹತ್ತು ವರ್ಷ. ಮೀನಬುಟ್ಟಿ ಹೊತ್ತು ಮನೆಮನೆ ತಿರುಗಿದ ಈ ಹೆಂಗಸು ನಕ್ಕಾಗಲೆಲ್ಲ ಮಿನುಗುತ್ತಿದ್ದ ಆ ಕ್ಯಾಪು, ಹಳೆಯ ಸಿಮೆಂಟು ಸವೆದು, ಹಿಂದಿನ ವಾರ ಊಟದ ನಡುವೆ ಕಳಚಿ ತಟ್ಟೆಗೆ ಬಿದ್ದಿತ್ತು.

ಒಳಗಿನ ಹಲ್ಲು ಸರಿಯಿತ್ತು, ಕ್ಯಾಪೂ ಸರಿಯಿತ್ತು. ಅಂಟಿಸಬೇಕು, ಅಷ್ಟೆ. ಅದಕ್ಕೆ ನನ್ನ ಕಪಾಟಿನಲ್ಲಿ ಮೂರು ಬಗೆಯ ಸಿಮೆಂಟು. ಒಂದು ಲವಂಗದೆಣ್ಣೆಯ ವಾಸನೆಯ ತಾತ್ಕಾಲಿಕ ಸಿಮೆಂಟು, ಬೇಕೆಂದಾಗ ಕಳಚಬಹುದು. ಇನ್ನೊಂದು ಪುಡಿಗೆ ದ್ರವ ಬೆರೆಸಿ ಕಲಸುವ ಗ್ಲಾಸ್ ಅಯೊನೊಮರ್, ಹೆಚ್ಚಿನವರಿಗೆ ನಾನು ಹಾಕುವುದು ಅದನ್ನೇ. ಮೂರನೆಯದು ರೆಸಿನ್. ಅದು ಕೂತರೆ ಕೂತಿತು, ಮತ್ತೆ ಕ್ಯಾಪು ತೆಗೆಯಬೇಕೆಂದರೆ ಕೊಯ್ದೇ ತೆಗೆಯಬೇಕು. ಎಂದಿನಂತೆ ಎರಡನೆಯದಕ್ಕೆ ಕೈ ಹಾಕಿದ್ದೆ, ಅಷ್ಟರಲ್ಲಿ ಗೋವರ್ಧನ ನನ್ನನ್ನು ಬಾಗಿಲಾಚೆ ಕರೆದ.

"ಹ್ವಾಯ್ ಡಾಕ್ಟ್ರೆ, ತುಂಬ ಗಟ್ಟಿದ್ ಹಾಕ್ಬೇಡಿ. ಬೇಕಾರೆ ತೆಗುಕೆ ಬಪ್ಪಂಗೆ ಇರ್ಲಿ."

"ಯಾರಿಗ್ ಬೇಕಾರೆ?"

ಅವನು ನೆಲ ನೋಡಿದ. "ಅದ್... ಮುಂದಕ್ಕೆ. ಈಗ ಎಂತಕ್ ಅದೆಲ್ಲ."

"ಚಿನ್ನದಂಗ್ಡಿಗೆ ಎಂತಕ್ ಹೋದ್ದ್?"

"ತೂಕ ಕಾಂಬುಕೆ," ಎಂದವನ ಕಿವಿ ಕೆಂಪಾಯಿತು.

ನನ್ನ ಪಿತ್ತ ನೆತ್ತಿಗೇರಿತು. ತಾಯಿ ಒಳಗೆ ಬಾಯಿ ತೆರೆದು ಕೂತಿದ್ದಾಳೆ, ಮಗರಾಯ ಹೊರಗೆ ನಿಂತು ಅವಳ ಹಲ್ಲಿನ ತೂಕದ ಮಾತಾಡುತ್ತಿದ್ದಾನೆ! "ಆಯ್ತ್, ಸಡ್ಲ ಹಾಕ್ತೆ" ಎಂದೆ, ಮುಖಕ್ಕೆ ನಗು ತಂದುಕೊಂಡು. ಒಳಗೆ ಬಂದು ರೆಸಿನ್ ತೆಗೆದೆ.

"ರಾಜೀವಕ್ಕ, ಮಗ ನಿಮ್ಮನ್ ಚಂದ ಮಾಡಿ ನೋಡ್ಕಂತ್ನಾ?" ಎಂದು ಮೆಲ್ಲಗೆ ಕೇಳಿದೆ. ಬಾಯಲ್ಲಿ ಹತ್ತಿ ಇತ್ತು. ಅವರು ಕಣ್ಣು ಮುಚ್ಚಿಕೊಂಡರು. ಪಾಪ, ಹೆದರಿದ್ದಾರೆ ಎಂದು ತೀರ್ಮಾನಿಸಿದೆ. ಹಲ್ಲು ನೋಡಿ ಆರಿಸಬೇಕಾದ ಸಿಮೆಂಟನ್ನು ಮಗನ ಮುಖ ನೋಡಿ ಆರಿಸಿದ್ದೆ. ಹಲ್ಲು ಒಣಗಿಸಿ, ಕ್ಯಾಪು ಒತ್ತಿ ಕೂರಿಸಿ, ಅಂಚಿಗೆ ನೀಲಿ ಬೆಳಕು ಹಿಡಿದೆ. ಈಗ ಎಳೆಯಲಿ ನೋಡುವ ಎಂದುಕೊಂಡು ಕೈ ತೊಳೆದೆ. ಸುಳ್ಳು ಯಾಕೆ ಹೇಳಲಿ, ಆ ದಿನವಿಡೀ ನನಗೆ ಬಹಳ ಖುಷಿಯಾಗಿತ್ತು.

ಎಂಟನೆಯ ದಿನ ಬೆಳಿಗ್ಗೆ ರಾಜೀವಕ್ಕ ಒಬ್ಬರೇ ಬಸ್ಸಿಳಿದು ಬಂದರು.

"ಡಾಕ್ಟ್ರೆ, ಇದ್ ಅಲ್ಲಾಡ್ತೇ ಇಲ್ಲೆ."

"ಅಲ್ಲಾಡುಕಾಗ. ಮಗ ಕಳ್ಸಿದ್ನಾ?"

"ಅವ ಎಂತಕ್ ಕಳ್ಸ್ತ? ಸಡ್ಲ ಹಾಕ್ಸ್ ಅಂದದ್ದೇ ನಾನ್. ನಿಮ್ಮತ್ರ ಹೇಳುಕೆ ನಾಚ್ಕಿ ಆಯ್ತ್, ಅವ್ನತ್ರ ಹೇಳ್ಸ್ದೆ. ಇದ್ರಗೆ ಮೊಮ್ಮಗಳ್ ಮೋಕ್ಷಿತಾನ ಕಿವಿಗ್ ಒಂದ್ ಜೊತೆ ಓಲೆ ಆತ್ತಾ ಕೇಂಡ್ಕಂಡ್ ಬಾ ಅಂತ ಅಂಗ್ಡಿಗೆ ಕಳ್ಸದ್ದೂ ನಾನೇ."

ಕುರ್ಚಿ ಎಳೆದು ಅವರೆದುರು ಕೂತೆ.

ರಾಜೀವಕ್ಕ ದನಿ ತಗ್ಗಿಸಿದರು. "ನಮ್ಮತ್ತೆಗೂ ಚಿನ್ನದ್ ಹಲ್ ಇದ್ದಿತ್. ಸತ್ತ್ ದಿನ, ಸುಡುಕೆ ಕೊಂಡ್ಹೋಪ ಮುಂಚೆ ಅದನ್ ತೆಗುಕೆ ಹೊರ್ಟ್ರ್. ಬಾಯಿ ಬಿಗ್ದಿತ್ತ್. ಇಕ್ಳ ತಂದ್ರ್. ತಲೆ ಹಿಡ್ಕಂಡದ್ದ್ ನಾನೇ ಡಾಕ್ಟ್ರೆ. ಆ ಶಬ್ದ ಕೇಂಡಿದೆ. ನಂಗೆ ಹಾಂಗ್ ಆಪ್ಕಾಗ. ಹಾಸ್ಗಿ ಹಿಡ್ದ್ ದಿನ ನಾನೇ ಕಳ್ಚಿ ಮೋಕ್ಷಿತಾನ ಕೈಯಗ್ ಕೊಡ್ವ ಅಂತಿದ್ದೆ."

ಎಲ್ಲವನ್ನೂ ಹೇಳಿಬಿಟ್ಟೆ. ಮಗನ ಮೇಲೆ ಅನುಮಾನ ಬಂದದ್ದು, ಸಡಿಲ ಹಾಕುತ್ತೇನೆಂದು ಅವನಿಗೆ ಹೇಳಿ, ಬೇಕೆಂದೇ ಗಟ್ಟಿ ಸಿಮೆಂಟು ಹಾಕಿದ್ದು. ಅವರು ಬೈದಿದ್ದರೆ ನನಗೇ ಒಳ್ಳೆಯದಿತ್ತು.

"ಈಗ್ಲೇ ಕೊಯ್ದ್ ತೆಗಿತೆ," ಎಂದೆ. "ಒಂಚೂರ್ ಚಿನ್ನ ಹುಡಿ ಆಯಿ ಹೋತ್ತ್, ಅಷ್ಟೇಯ."

"ಕೊಯ್ದ್ರೆ ಇದನ್ನೇ ಮತ್ ಹಾಕುಕಾತ್ತಾ?"

"ಆತಿಲ್ಲೆ."

ಅವರು ನಾಲಿಗೆಯಿಂದ ಆ ಹಲ್ಲನ್ನು ಒಮ್ಮೆ ಸವರಿಕೊಂಡರು. "ಬ್ಯಾಡ. ಅವ್ರ್ ಕೊಟ್ಟದ್ದ್. ನಾ ಇಪ್ಪಷ್ಟ್ ದಿನ ಬಾಯಗೇ ಇರ್ಲಿ."

"ಹಾಂಗಾರೆ ಆ ದಿನ ನಾನೇ ಬತ್ತೆ ರಾಜೀವಕ್ಕ. ಯಾರೂ ಇಕ್ಳ ಮುಟ್ಟುಕಾಗ. ನಾನೇ ನಿಧಾನ ಕೊಯ್ದ್ ತೆಗ್ದ್ ಮೋಕ್ಷಿತಾನ ಕೈಯಗ್ ಕೊಡ್ತೆ." ಚೀಟಿಯಲ್ಲಿ ಮೊಬೈಲ್ ನಂಬರ್ ಬರೆದು ಕೈಗಿತ್ತೆ.

ಅವರು ಚೀಟಿಯನ್ನು ತಿರುಗಿಸಿ ಎರಡೂ ಬದಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಬತ್ರಿ ಅಂತ ಹ್ಯಾಂಗ್ ನಂಬೂದ್?" ಎಂದರು. "ಸಡ್ಲ ಹಾಕ್ತೆ ಅಂದದ್ದೂ ನೀವೇ ಅಲ್ದಾ?"