ಕಡೆಯವರ ಕಾವಲು

"ಕುರಿ ಅತ್ತಿಗೆ, ಕುರಿ," ಎಂದ ಟಾರ್ಮಡ್, ಗುದ್ದಲಿ ನಿಲ್ಲಿಸದೆ.

ಎಫಿ ಕಿವಿಗೊಟ್ಟಳು. ಕುಲನಾಯಕನ ಸಮಾಧಿಯ ಹಿಂದೆ ಆ ಸದ್ದು ಮತ್ತೆ ಬಂತು. ಒಂದು ಹೆಜ್ಜೆ, ಆಮೇಲೆ ಹುಲ್ಲಿನ ಮೇಲೆ ಏನನ್ನೋ ಎಳೆದಂತೆ. ಮಟಮಟ ಮಧ್ಯಾಹ್ನ. ಸಮುದ್ರದಿಂದೆದ್ದ ಮಂಜು ಗೋಡೆಯವರೆಗೂ ಬಂದು ನಿಂತಿತ್ತು. ಕುರಿಗಳು ಈ ಸ್ಮಶಾನದೊಳಗೆ ಕಾಲಿಡುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಅದು ಟಾರ್ಮಡನಿಗೂ ಗೊತ್ತು. ಯಾರೂ ಓಡಾಡದ ಜಾಗದಲ್ಲಿ, ಗೋಡೆಯ ಒಳಬದಿಗೆ ಸುತ್ತಲೂ ಹುಲ್ಲು ಸವೆದು ಕಾಲುದಾರಿ ಬಿದ್ದಿತ್ತು. ಅದರ ಒಂದು ಅಂಚಿನಲ್ಲಿ ಉದ್ದಕ್ಕೂ ಗೀರು. ಎಫಿಯ ಗಂಡ ಲಾಕ್ಲನ್ ಬದುಕಿದ್ದಾಗ ಬಲಗಾಲು ಎಳೆದುಕೊಂಡೇ ನಡೆಯುತ್ತಿದ್ದ.

ಎಲ್ಲರಿಗಿಂತ ಕಡೆಗೆ ಮಣ್ಣು ಸೇರಿದವರು ಸ್ಮಶಾನ ಕಾಯಬೇಕು, ಮುಂದಿನವರು ಬರುವ ತನಕ ಅವರಿಗೆ ನಿದ್ದೆಯಿಲ್ಲ. ಈ ದ್ವೀಪದ ಮ್ಯಾಕಸ್ಕಿಲ್ ಕುಲದಲ್ಲಿ ಮಕ್ಕಳಿಗೂ ಗೊತ್ತಿದ್ದ ಮಾತು ಇದು. ಒಂದೇ ದಿನ ಎರಡು ಮನೆಯಲ್ಲಿ ಸಾವಾದರೆ, ತಮ್ಮವರು ಮೊದಲು ಒಳಗೆ ಸೇರಲಿ, ಕಾವಲು ಇನ್ನೊಂದು ಮನೆಯವರ ಪಾಲಿಗಿರಲಿ ಎಂದು ಶವಪೆಟ್ಟಿಗೆ ಹೊತ್ತು ಓಡುತ್ತಿದ್ದರು. ಹಾಗೆ ಓಡಿ ಸೋಲುವಂತಾದಾಗ ಯಾರೋ ಪೆಟ್ಟಿಗೆಯನ್ನು ಗೋಡೆಯಾಚೆಯಿಂದಲೇ ಒಳಕ್ಕೆ ಎಸೆದಿದ್ದರಂತೆ. ದ್ವೀಪದ ತುಂಬ ಜನವಿದ್ದಾಗ ಯಾರ ಕಾವಲೂ ಬಹಳ ದಿನ ಎಳೆಯುತ್ತಿರಲಿಲ್ಲ. ಆಮೇಲೆ ಜಮೀನ್ದಾರನಿಗೆ ಮನುಷ್ಯರಿಗಿಂತ ಕುರಿ ಲಾಭವೆನಿಸಿತು; ಕುಲದಲ್ಲಿ ಹೆಚ್ಚಿನವರು ಹಡಗು ಹತ್ತಿ ಕೆನಡಾಕ್ಕೆ ಹೋದರು. ಈಗ ಕಡಲು ದಂಡೆಯನ್ನು ತಿನ್ನುತ್ತಿದೆಯೆಂದು ಇಲ್ಲಿ ಶವ ಹೂಳುವುದನ್ನೇ ನಿಲ್ಲಿಸಿದ್ದರು. ಲಾಕ್ಲನ್ನನದೇ ಕಡೆಯ ಗುಂಡಿ. ಅವನನ್ನು ಬಿಡಿಸಲು ತಾನು ಸತ್ತರೂ ಬರುವಂತಿಲ್ಲವಲ್ಲ ಎಂಬ ಸಂಕಟ ಎಫಿಯನ್ನು ಒಳಗೊಳಗೇ ಕೊರೆಯುತ್ತಿತ್ತು.

ಬೂದಿ ಹೂಳಲು ಮಾತ್ರ ಅಡ್ಡಿಯಿರಲಿಲ್ಲ. ಆದರೆ ಹೆಣ ಸುಡುವ ಮಾತು ಈ ದ್ವೀಪದವರಿಗೆ ಕನಸಿನಲ್ಲೂ ಬಾರದು. ಹೀಗಿರುವಾಗ ಆ ಹಡಗು ಹತ್ತಿದವರ ವಂಶದ ಡಾರ್ಲೀನ್ ಕೆನಡಾದಿಂದ ತಂದೆಯ ಬೂದಿ ಹೊತ್ತು ಬಂದಿದ್ದಳು. ಎಫಿ ನಿನ್ನೆಯೆಲ್ಲ ಹಾಡಿಕೊಂಡೇ ಓಟ್ಸ್ ರೊಟ್ಟಿ ಬೇಯಿಸಿದ್ದಳು. ಕಾವಲಿನ ವಿಷಯವನ್ನು ಮಾತ್ರ ಆ ಹುಡುಗಿಗೆ ಹೇಳಿರಲಿಲ್ಲ.

"ಇವತ್ತಿಗೆ ಅಣ್ಣನ ಡ್ಯೂಟಿ ಮುಗೀತು ಬಿಡಿ," ಎಂದ ಟಾರ್ಮಡ್ ಮೆಲ್ಲಗೆ. "ನಮ್ಮಜ್ಜನೇ ಪುಣ್ಯವಂತ. ದೋಣಿ ಹಗ್ಗಕ್ಕೆ ಸಿಕ್ಕಿ ತುಂಡಾದ ತೋಳನ್ನ ಇಲ್ಲೇ ಹೂತರಂತೆ. ಮುಂದಿನ ಹೆಣ ಬರೋವರ್ಗೂ ಅಜ್ಜ ಮನೇಲಿ ಕೂರಲೇ ಇಲ್ಲ. ಊಟಕ್ಕೆ ಕರೆದ್ರೂ ಈ ಗೋಡೆ ಬಿಟ್ಟು ಬರ್ತಿರ್ಲಿಲ್ಲ. ಬದುಕಿದ್ದಾಗ್ಲೇ ಪಾಳಿ ಮುಗಿಸ್ಕೊಂಡ, ಜಾಣ!"

"ಬಾಯಿ ಮುಚ್ಕೊಂಡು ತೋಡು. ಹುಡುಗಿ ಬಂದ್ಳು."

ಡಾರ್ಲೀನ್ ಕಲ್ಲುಗಳನ್ನೆಲ್ಲ ಸವರಿ ನೋಡಿ ಬಂದಿದ್ದಳು. ಬೆರಳಿಗೆ ಪಾಚಿ ಮೆತ್ತಿತ್ತು. "ದೊಡ್ಡಮ್ಮ, ಕತ್ತಿ ಕೆತ್ತಿರೋ ಆ ಕಲ್ಲು ನಮ್ಮೋರದ್ದೇನಾ?"

"ಇಲ್ಲಿರೋದೆಲ್ಲ ನಮ್ಮೋರೇ ಮಗಳೇ. ಕತ್ತಿ ಇದ್ದೋರಿಗೆ ಕಲ್ಲು, ಇಲ್ದೋರಿಗೆ ಹುಲ್ಲು."

ಡಾರ್ಲೀನ್ ನಕ್ಕು, ಮಂಡಿಯೂರಿ, ತಂದೆ ಫಿನ್ಲೆಯ ಬೂದಿಯನ್ನು ಗುಂಡಿಗೆ ಸುರಿದಳು. ಟಾರ್ಮಡ್ ಒಂದು ಹಿಡಿ ಮಣ್ಣು ಹಾಕಿದ.

ಎಳೆಯುವ ಸದ್ದು ನಿಂತಿತು. ಗಾಳಿಯಿಲ್ಲದ ಆ ಹೊತ್ತಿನಲ್ಲಿ ಲಾಕ್ಲನ್ ಸೇದುತ್ತಿದ್ದ ಪೈಪಿನ ತಂಬಾಕಿನ ವಾಸನೆ ಎಫಿಯ ಪಕ್ಕದಿಂದ ಹಾದು ಕಡಲಿನ ಕಡೆ ಹೋಯಿತು. ಅವಳು ಕಲ್ಲಿನ ಮೇಲೆ ಕೂತಳು. "ಹೋಗು ಮಾರಾಯ, ಮಲಕ್ಕೋ," ಎಂದಳು ತುಟಿಯೊಳಗೇ. ಬೆನ್ನಿನ ಮೇಲಿದ್ದ ಹೊರೆಯನ್ನು ಯಾರೋ ಇಳಿಸಿಕೊಂಡಂತಿತ್ತು.

ಡಾರ್ಲೀನ್ ಅವಳ ಪಕ್ಕ ಬಂದು ಕೂತು ಕೈ ಹಿಡಿದುಕೊಂಡಳು. "ಅಪ್ಪನಿಗೂ ಈಗ ನೆಮ್ಮದಿ. ಕಲ್ಲಿದ್ದಲ ಗಣಿ ಕುಸಿದಾಗ ಒಳಗೆ ಕತ್ತಲಲ್ಲಿ ಒಬ್ರೇ ಸಿಕ್ಕಿಹಾಕ್ಕೊಂಡಿದ್ರು ದೊಡ್ಡಮ್ಮ. ಆಮೇಲೆ ಸಾಯೋವರ್ಗೂ ದೀಪ ಆರಿಸಿ ಮಲಗಿದ್ದೇ ಇಲ್ಲ. ಅಂಗಳಕ್ಕೆ ಹೋಗಬೇಕಂದ್ರೂ ನನ್ನ ಕೈ ಬೇಕು. 'ನಮ್ಮೋರೆಲ್ಲ ಇರೋ ಕಡೆ ಇಟ್ಬಿಡು ಮಗಳೇ, ಅಲ್ಲಿ ನಾನು ಒಬ್ನೇ ಆಗಲ್ಲ' ಅಂತಿದ್ರು."

ಎಫಿ ಗುಂಡಿಯ ಕಡೆ ತಿರುಗಿ ನೋಡಿದಳು.

ಸಮಾಧಿಯ ಹಿಂದೆ ಇನ್ನೊಂದು ಸದ್ದು ಶುರುವಾಯಿತು. ಹೆಜ್ಜೆಯದಲ್ಲ. ದಾರಿ ಕಾಣದವರು ಎರಡೂ ಅಂಗೈಯಿಂದ ಗೋಡೆ ತಡವುತ್ತ, ಉಗುರಿನಿಂದ ಕಲ್ಲು ಗೀರುತ್ತ ಬರುವಂಥದು. ನಡುನಡುವೆ ಗಕ್ಕನೆ ನಿಂತು ಏದುಸಿರು. ಟಾರ್ಮಡನ ಗುದ್ದಲಿ ಮಣ್ಣಿನಲ್ಲೇ ನಿಂತಿತು. ಈ ಸಲ ಅವನು ಕುರಿ ಎನ್ನಲಿಲ್ಲ.

ಫಿನ್ಲೆಯ ನಂತರ ಬರುವವರು ಯಾರು? ಯಾರೂ ಇಲ್ಲ. ಹಗಲಿಗೇ ಹೀಗೆ ನಡುಗುವ ಜೀವ ಇದು. ಸುಮ್ಮನಿದ್ದರೆ ಆಯಿತು, ಲಾಕ್ಲನ್ ಮಲಗಿದ್ದಾನೆ, ಮನೆಗೆ ಹೋಗಬಹುದು. ಎಫಿ ಹುಡುಗಿಯ ಕೈ ನೋಡಿದಳು. ಎಷ್ಟೋ ವರ್ಷ ಮುದುಕನನ್ನು ಅಂಗಳಕ್ಕೆ ಕರೆದೊಯ್ದ ಕೈ.

"ಟಾರ್ಮಡ್, ನಿನ್ನ ಚಾಕು ಕೊಡು."

"ಬೇಡ ಅತ್ತಿಗೆ." ಅವನಿಗೆ ತಕ್ಷಣ ಅರ್ಥವಾಗಿತ್ತು. "ನಾನು ತಮಾಷೆಗೆ ಹೇಳಿದ್ದು. ತೋಳಿನ ಕತೆ ಎಲ್ಲ ಸುಳ್ಳು."

"ಸುಳ್ಳಾದ್ರೆ ಕೊಡೋಕೇನು?"

ಅವನು ಕೊಟ್ಟ. ಎಫಿ ತಲೆವಸ್ತ್ರ ಬಿಚ್ಚಿ, ಮದುವೆಯ ದಿನದಿಂದ ಕತ್ತರಿ ಕಾಣದ ಬಿಳಿಯ ಜಡೆಯನ್ನು ಮುಂದಕ್ಕೆಳೆದು ಬುಡಕ್ಕೇ ಕೊಯ್ದಳು. ಬೂದಿಯ ಮೇಲೆ ಅದನ್ನು ಸುರುಳಿ ಸುತ್ತಿ ಇಟ್ಟಳು.

"ಇದು ಇಲ್ಲಿನ ಪದ್ಧತಿನಾ?" ಡಾರ್ಲೀನಳ ಕಣ್ಣು ತುಂಬಿತ್ತು.

"ಹೂಂ. ಹೊಸಬರಿಗೆ ಹೆದರಿಕೆ ಆಗಬಾರದು ನೋಡು. ಮುಚ್ಚೋ ಟಾರ್ಮಡ್."

ಮಣ್ಣು ಬಿದ್ದಂತೆ ಗೋಡೆ ತಡವುವ ಸದ್ದು ನಿಧಾನವಾಯಿತು, ಆಮೇಲೆ ಇಲ್ಲವಾಯಿತು. ಮಗು ನಿದ್ದೆಹೋದ ಮನೆಯಂಥ ಮೌನ. ಡಾರ್ಲೀನ್ ತನ್ನ ಉಣ್ಣೆಯ ಸ್ಕಾರ್ಫ್ ತೆಗೆದು ಎಫಿಯ ಬೋಳು ಕುತ್ತಿಗೆಗೆ ಸುತ್ತಿ, ತುದಿಯನ್ನು ಕೋಟಿನೊಳಗೆ ಸಿಕ್ಕಿಸಿದಳು. "ಶೀತ ಆಗತ್ತೆ ದೊಡ್ಡಮ್ಮ."

"ಬನ್ನಿ, ಬನ್ನಿ. ಟೀ ಕುಡಿಯೋಣ," ಎಂದ ಟಾರ್ಮಡ್ ಅವಸರದಿಂದ, ಯಾರ ಮುಖವನ್ನೂ ನೋಡದೆ.

ಅವನು ಮುಂದೆ, ಡಾರ್ಲೀನ್ ಅವನ ಹಿಂದೆ. ಎಫಿ ಎಂದಿನಂತೆ ಕಡೆಯವಳಾಗಿ ಬಂದು ಕಬ್ಬಿಣದ ಗೇಟು ಎಳೆದಳು. ಅಗುಳಿ ಹಾಕಿ, ಸರಿಯಾಗಿ ಕೂತಿತೇ ಎಂದು ಒಮ್ಮೆ ಅಲ್ಲಾಡಿಸಿದಳು. ಕೂತಿತ್ತು.

"ಅತ್ತಿಗೆ..." ಎಂದ ಟಾರ್ಮಡ್.

ಎಫಿ ತಲೆಯೆತ್ತಿದಳು. ಅವರಿಬ್ಬರೂ ಕಂಬಿಗಳ ಆಚೆ, ರಸ್ತೆಯ ಮೇಲೆ ನಿಂತು ಅವಳನ್ನೇ ನೋಡುತ್ತಿದ್ದರು.

"ನೀವು ನಡೀರಿ," ಎಂದಳು ಅವಳು, ಸ್ಕಾರ್ಫನ್ನು ಬಿಗಿ ಮಾಡಿಕೊಳ್ಳುತ್ತ. "ರೊಟ್ಟಿ ಬಟ್ಟೆ ಅಡಿ ಇಟ್ಟಿದೀನಿ. ಹುಡುಗಿಗೆ ಬೆಣ್ಣೆ ಜಾಸ್ತಿ ಹಾಕ್ಕೊಡು."